ರೇಡಿಯೋ ಬೆಂಚಿನ ಆಪಾ

ಆಪಾ ಅವರ ಎಡಗೈ ತೋರುಬೆರಳಿನ ತುದಿಯಲ್ಲಿ ಹುಣಿಸೆ ಬೀಜದಷ್ಟು ದೊಡ್ಡದಾದ, ಅಷ್ಟೇ ನುಣುಪಾದ ಒಂದು ಜಡ್ಡು ಇತ್ತು. ಬೆಸುಗೆಯ ಬಿಸಿ ಸೀಸ ವರ್ಷಗಟ್ಟಲೆ ತಾಕಿ ತಾಕಿ ಆದದ್ದು. ಅದರ ಮೇಲೆ ಕಾದ ಹನಿ ಬಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ನಾವು ಹೊಸಬರು ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಂಡರೆ ಅವರು ಆ ಬೆರಳನ್ನೆತ್ತಿ ತೋರಿಸಿ, "ಇದು ಬರೋತನಕ ಹಿಂಗೇ ಕಣೇ. ಇದು ಬಂದ್ರೆ ನೀನು ಪರ್ಮನೆಂಟು. ಆಫೀಸಿನೋರು ಕಾಗದ ಕೊಡೋದು ಆಮೇಲೆ" ಎಂದು ನಗುತ್ತಿದ್ದರು.

ಯಶವಂತಪುರದ ರೈಲ್ವೆ ಗೇಟು ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ರೇಡಿಯೋ ಕಂಪನಿ. ನಾನು ಅಬ್ಬಿಗೆರೆಯಿಂದ ಬರುತ್ತಿದ್ದವಳು. ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ಮುದ್ದೆ, ಸಾರಿನ ಡಬ್ಬಿ ಹಿಡಿದು ಜಾಲಹಳ್ಳಿ ಕ್ರಾಸಿನವರೆಗೆ ನಡೆದು ಅಲ್ಲಿ ಬಸ್ಸು ಹಿಡಿಯಬೇಕು. ಆಪಾ ಆರ್.ಟಿ. ನಗರದಿಂದ ಬರುತ್ತಿದ್ದರು. ನಾನು ಸೇರಿದಾಗ ಅವರಿಗೆ ನಲವತ್ತೈದರ ಮೇಲಾಗಿತ್ತು. ಉರ್ದುವಿನಲ್ಲಿ ಆಪಾ ಅಂದರೆ ಅಕ್ಕ ಎಂದು ನನಗೆ ಆಮೇಲೆ ತಿಳಿಯಿತು. ಮೊದಲು ಅದೇ ಅವರ ಹೆಸರು ಅಂದುಕೊಂಡಿದ್ದೆ. ಇಡೀ ಲೈನು, ಕ್ಯಾಂಟೀನಿನ ಭಟ್ಟರು, ಅವರಿಗಿಂತ ಹತ್ತು ವರ್ಷ ದೊಡ್ಡವರಾದ ನಮ್ಮ ಸೂಪರ್‌ವೈಸರು, ಎಲ್ಲರೂ ಕರೆಯುತ್ತಿದ್ದದ್ದು ಆಪಾ ಅಂತಲೇ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಉದ್ದನೆಯ ಮರದ ಬೆಂಚಿನ ಎರಡೂ ಕಡೆ ಹೆಂಗಸರು ಕೂತು ರೇಡಿಯೋ ಜೋಡಿಸುತ್ತಿದ್ದೆವು. ಒಬ್ಬರು ನಾಲ್ಕು ಬಿಡಿಭಾಗ ಬೆಸೆದು ಪಕ್ಕಕ್ಕೆ ತಳ್ಳಿದರೆ ಮುಂದಿನವರು ಮತ್ತೆ ನಾಲ್ಕು. ಆಪಾ ಬೆಸೆಯುತ್ತಿದ್ದದ್ದು ರೆಸಿಸ್ಟರುಗಳನ್ನು. ಅಕ್ಕಿಕಾಳಿಗಿಂತ ತುಸು ದಪ್ಪ, ಎರಡೂ ತುದಿಗೆ ತಂತಿ, ಮೈಮೇಲೆ ಸಾಲಾಗಿ ಬಣ್ಣದ ಪಟ್ಟೆಗಳು. ನಾವು ಅವನ್ನು ಬಳೆ ಅನ್ನುತ್ತಿದ್ದೆವು. ಯಾವ ಬಣ್ಣದ ಬಳೆ ಯಾವ ಕ್ರಮದಲ್ಲಿದೆ ಎಂಬುದರ ಮೇಲೆ ಅದು ಯಾವ ರೆಸಿಸ್ಟರ್ ಎಂದು ಗೊತ್ತಾಗಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ 'ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು' ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು. ನನಗೆ ಮಾಡಿಸಿದವರು ಆಪಾ. ತಪ್ಪಿದರೆ ತೊಡೆಗೆ ಚಿವುಟುತ್ತಿದ್ದರು, ಜೋರಾಗಿಯೇ.

ಬಿಡಿಭಾಗ ಇಟ್ಟುಕೊಳ್ಳಲು ಕಂಪನಿ ರಟ್ಟಿನ ಡಬ್ಬಿ ಕೊಟ್ಟಿತ್ತು. ಆಪಾ ಮಾತ್ರ ಮನೆಯಿಂದ ಒಂದು ಇಡ್ಲಿ ತಟ್ಟೆ ತಂದಿದ್ದರು. ದುಂಡನೆಯ ಅಲ್ಯೂಮಿನಿಯಂ ತಟ್ಟೆ, ನಾಲ್ಕು ಗುಳಿ. ಒಂದೊಂದು ಗುಳಿಯಲ್ಲಿ ಒಂದೊಂದು ಬಗೆಯ ರೆಸಿಸ್ಟರು.

"ಏನ್ ಆಪಾ, ಮನೇಲಿ ಇಡ್ಲಿ ಮಾಡಲ್ವಾ?" ಎಂದು ಯಾರೋ ಕೇಳಿದ್ದರು.

"ಮಾಡ್ತೀನಿ, ತಿನ್ನೋರಿಲ್ಲ. ಒಂದ್ಸಲ ಮಾಡಿದ್ದಕ್ಕೆ ನಮ್ಮನೆಯೋರು ಅದನ್ನ ಗೋಡೆಗೆ ಹೊಡೆದು ನೋಡಿದ್ರು. ಇಡ್ಲಿಗೇನೂ ಆಗ್ಲಿಲ್ಲ, ಗೋಡೆ ಗಾರೆ ಉದುರ್ತು. ಅದಕ್ಕೇ ತಟ್ಟೆನಾದ್ರೂ ಡ್ಯೂಟಿ ಮಾಡ್ಲಿ ಅಂತ ಕರ್ಕೊಂಡ್ಬಂದೆ."

ಅವರ 'ನಮ್ಮನೆಯೋರು' ಲಾರಿ ಓಡಿಸುತ್ತಿದ್ದವರು. ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲಿದ್ದರು. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು. ಒಲೆ ಉರಿಯುತ್ತಿದ್ದದ್ದು ಆಪಾ ಕೆಲಸದಿಂದ. ಇದನ್ನು ಅವರು ದುಃಖದ ಸಂಗತಿಯಾಗಿ ಒಮ್ಮೆಯೂ ಹೇಳಲಿಲ್ಲ. "ಮನೇಲಿ ಗಂಡಸು ಅಡಿಗೆ ಮಾಡ್ತಾನೆ, ನಾನು ಡಬ್ಬಿ ತರ್ತೀನಿ, ನಾನೇ ಸಾಹೇಬ್ರು" ಎನ್ನುತ್ತಿದ್ದರು.

ಅವರು ಕೆಲಸ ಮಾಡುವಾಗ ತಟ್ಟೆಯ ಕಡೆ ನೋಡುತ್ತಿರಲಿಲ್ಲ. ಬೆರಳು ತಾನೇ ಗುಳಿಗೆ ಹೋಗಿ ತಾನೇ ಬರುತ್ತಿತ್ತು. ನಾವು ಬೆರಗಾಗಿ ನೋಡಿದರೆ, "ನನ್ ಕೈಗೆ ಕಣ್ಣಿದೆ" ಎನ್ನುತ್ತಿದ್ದರು. ತಟ್ಟೆಯ ಒಂದು ಗುಳಿಯ ತೂತಿಗೆ ಎಣ್ಣೆ, ಸೀಸದ ಹೊಗೆ ಹತ್ತಿ ಕಪ್ಪಾದ ಒಂದು ದಾರ ಕಟ್ಟಿತ್ತು. ದೃಷ್ಟಿಯಾಗದಿರಲಿ ಎಂದು ಯಾವುದೋ ದರ್ಗಾದಿಂದ ತಂದು ಕಟ್ಟಿದ್ದಿರಬೇಕು ಅಂದುಕೊಂಡಿದ್ದೆ. ಕೇಳಿರಲಿಲ್ಲ.

ಎಲ್ಲರ ಮನೆಯ ಮೇಲೂ ಒಂದೊಂದಾಗಿ ಟೀವಿ ಆಂಟೆನಾ ಎದ್ದು ನಿಲ್ಲುತ್ತಿದ್ದ ಕಾಲ ಅದು. ಕಂಪನಿ ರೇಡಿಯೋ ನಿಲ್ಲಿಸಿ ಟೀವಿ ಮಾಡುತ್ತದಂತೆ, ಹೊರದೇಶದವರ ಜೊತೆ ಮಾತಾಗಿದೆಯಂತೆ ಎಂದು ಸುದ್ದಿ ಹಬ್ಬಿತು. ಆ ನಿರ್ಧಾರವನ್ನು ಯಾರು, ಯಾವ ಊರಿನಲ್ಲಿ ಕೂತು ಮಾಡಿದರೋ ನಮಗೆ ತಿಳಿಯದು. ನಮಗೆ ಕಂಡದ್ದು ಅದರ ಬಾಲ ಮಾತ್ರ. ಟೈ ಕಟ್ಟಿದ ನಾಲ್ವರು ಬಂದು ಬೆಂಚಿನ ಉದ್ದ ಅಳೆದುಕೊಂಡು ಹೋದರು. ರೇಡಿಯೋದ ಮರದ ಪೆಟ್ಟಿಗೆಗೆ ಪಾಲಿಶ್ ಹಾಕುತ್ತಿದ್ದ ಶೆಟ್ಟಿಹಳ್ಳಿಯ ಆರು ಜನರಿಗೆ ಇನ್ನು ಮುಂದೆ ಪ್ಲಾಸ್ಟಿಕ್ ಪೆಟ್ಟಿಗೆ ಹೊರಗಿನಿಂದ ಬರುತ್ತದೆ, ನೀವು ಬೇಡ ಎಂದರು. ಮರುವಾರದಿಂದ ಆ ಕೋಣೆಗೆ ಬೀಗ. ನಮ್ಮ ಲೈನಿನಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಸೂಪರ್‌ವೈಸರು ಒಂದು ಪಟ್ಟಿ ಬರೆದು ಕಳಿಸಬೇಕಂತೆ. ತಪ್ಪು ಮಾಡಿದವರ ಹೆಸರು ಮೊದಲು ಹೋಗುತ್ತದಂತೆ.

"ಹತ್ತು ಜನದ ಕೆಲಸ ಒಂದ್ ಮಿಷಿನ್ ಮಾಡುತ್ತೆ" ಎಂದು ಯೂನಿಯನ್ನಿನ ಗಂಡಸರು ಗೇಟಿನಲ್ಲಿ ಕೂಗಿದರು.

"ಮಿಷಿನ್ನಿಗೆ ಹೆರಿಗೆ ರಜೆ ಬೇಡ, ಅದಕ್ಕೇ ಅವರಿಗೆ ಅದ್ರ ಮೇಲೆ ಪ್ರೀತಿ" ಎಂದು ನಮ್ಮ ಬೆಂಚಿನ ಹೆಂಗಸೊಬ್ಬರು ಅಂದರು. ಎಲ್ಲರೂ ನಕ್ಕೆವು. ಆಪಾ ನಗಲಿಲ್ಲ. ಎಲ್ಲದಕ್ಕೂ ಮೊದಲು ನಗುವವರು ನಗದಿದ್ದದ್ದನ್ನು ನಾನು ಗಮನಿಸಿದೆ, ಅಷ್ಟಕ್ಕೇ ಮರೆತೆ.

ಅದೇ ಸಮಯಕ್ಕೆ ಆಯುಧಪೂಜೆ ಬಂತು. ಕಾರ್ಖಾನೆಯ ಆಯುಧಪೂಜೆ ಅಂದರೆ ನಮಗೆ ಮನೆಯ ಹಬ್ಬಕ್ಕಿಂತ ದೊಡ್ಡದು. ಹಿಂದಿನ ದಿನ ಮಧ್ಯಾಹ್ನದಿಂದಲೇ ಕೆಲಸ ನಿಲ್ಲಿಸಿ ಬೆಂಚು ತೊಳೆದು, ಇಕ್ಕಳ, ಬೆಸುಗೆ ಕಡ್ಡಿ ಎಲ್ಲ ಒರೆಸಿ, ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಜೋಡಿಸಬೇಕು. ಆಪಾ ಪ್ರತಿವರ್ಷ ಬುಟ್ಟಿ ತುಂಬ ಸೇವಂತಿಗೆ ತಂದು ಮಾಲೆ ಕಟ್ಟಿಕೊಡುತ್ತಿದ್ದರು. ಆ ವರ್ಷ ಹೂವಿನ ಬುಟ್ಟಿ ನನ್ನ ಕೈಗಿಟ್ಟು, "ನಂಗೆ ಸ್ವಲ್ಪ ಕೆಲಸ ಇದೆ ಕಣೇ, ಅರ್ಧ ದಿನ ರಜ ಹಾಕಿದೀನಿ. ನನ್ ಜಾಗಾನೂ ಸ್ವಲ್ಪ ನೋಡ್ಕೋ" ಎಂದು ಹೊರಟುಹೋದರು.

ನಾನು ಚೆನ್ನಾಗಿಯೇ ನೋಡಿಕೊಂಡೆ. ಇಡ್ಲಿ ತಟ್ಟೆಯ ನಾಲ್ಕು ಗುಳಿಯ ರೆಸಿಸ್ಟರುಗಳನ್ನು ನಾಲ್ಕು ಕಾಗದದ ಪೊಟ್ಟಣ ಮಾಡಿ ತೆಗೆದಿಟ್ಟೆ. ತಟ್ಟೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ಫಳಫಳ ಎನ್ನುವಂತೆ ಉಜ್ಜಿದೆ. ಕಪ್ಪು ದಾರ ಕೊಳೆತು ನಾರುತ್ತಿತ್ತು. ಕತ್ತರಿಸಿ ಎಸೆದೆ. ಆಪಾ ಬೇಸರ ಮಾಡಿಕೊಳ್ಳಬಾರದೆಂದು ಅರಿಶಿನ ಹಚ್ಚಿದ ಹೊಸ ದಾರವನ್ನು ಒಂದು ಗುಳಿಗೆ ಕಟ್ಟಿದೆ. ಹಬ್ಬ ಮುಗಿದ ಮೇಲೆ ಪೊಟ್ಟಣ ಬಿಚ್ಚಿ ರೆಸಿಸ್ಟರುಗಳನ್ನು ಗುಳಿಗಳಿಗೆ ಹಾಕಿದೆ, ಬೆರೆಯದ ಹಾಗೆ, ಒಂದು ಬಗೆ ಒಂದು ಗುಳಿಗೆ. ಯಾವ ಬಗೆ ದಾರದ ಗುಳಿಗೆ ಹೋಗಬೇಕು ಎಂಬ ಯೋಚನೆಯೇ ನನಗೆ ಬರಲಿಲ್ಲ.

ಆಪಾ ಬಂದು ತಟ್ಟೆ ಮುಟ್ಟಿದರು. "ಅರ್ರೇ, ದಾರ ಹೊಸದು!"

"ಹಳೇದು ಕೊಳಕಾಗಿತ್ತು ಆಪಾ. ನಾನೇ ಕಟ್ಟಿದೆ."

"ಬದುಕ್ಕೋ" ಎಂದು ನನ್ನ ಕೆನ್ನೆ ತಟ್ಟಿ ಕೆಲಸಕ್ಕೆ ಕೂತರು.

ಮೂರನೆಯ ದಿನ ಪರೀಕ್ಷೆ ಕೋಣೆಯಿಂದ ರೇಡಿಯೋಗಳು ಹಿಂದಕ್ಕೆ ಬರತೊಡಗಿದವು. ಮೊದಲು ನಾಲ್ಕೈದು, ಆಮೇಲೆ ತಳ್ಳುಗಾಡಿ ತುಂಬ. ಕೆಲವು ಗೊರಗೊರ ಎನ್ನುತ್ತಿದ್ದವು, ಕೆಲವು ತುಟಿಯನ್ನೇ ಬಿಚ್ಚಲಿಲ್ಲ. ತಪ್ಪು ಆ ನಾಲ್ಕು ರೆಸಿಸ್ಟರುಗಳಲ್ಲೇ ಇತ್ತು. ಅವನ್ನು ಬೆಸೆಯುತ್ತಿದ್ದವರು ಇಬ್ಬರೇ. ಆಪಾ ಒಬ್ಬರು. ಇನ್ನೊಬ್ಬಳು ಅವರ ಎದುರು ಕೂರುತ್ತಿದ್ದ ಬಾಗಲೂರಿನ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆಪಾ ಮೇಲೆ ಅನುಮಾನ ಪಡುವುದು ಯಾರಿಗೂ ಹೊಳೆಯಲಿಲ್ಲ. ಅವರ ಕೈ ದಾಟಿ ಬಂದದ್ದನ್ನು ನಾನು ಕೂಡ ತಿರುಗಿಸಿ ನೋಡುತ್ತಿರಲಿಲ್ಲ.

ಸೂಪರ್‌ವೈಸರು ಆ ಹುಡುಗಿಯ ಹಿಂದೆ ಬಂದು ನಿಂತರು. "ಏನಮ್ಮಾ, ಕಪ್ಪು ಕಂದು ಕೆಂಪು ನೆನಪಿದ್ಯೋ, ಬಾಗಲೂರು ಬಸ್ಸಲ್ಲೇ ಬಿಟ್ ಬಂದ್ಯೋ?"

"ನಂಗೊತ್ತಿಲ್ಲ ಸಾ. ನಾನ್ ಸರಿಯಾಗೇ ಆಕಿವ್ನಿ ಸಾ" ಎಂದು ಅವಳು ಅಳಲು ಶುರುಮಾಡಿದಳು. ಪಟ್ಟಿಯ ಮೊದಲ ಹೆಸರು ಸಿಕ್ಕಿತು ಎಂದು ಎಲ್ಲರಿಗೂ ಅನ್ನಿಸಿತು. ಹೇಳಬಾರದು, ಆದರೂ ಹೇಳುತ್ತೇನೆ, ಸದ್ಯ ನಮ್ಮದಲ್ಲವಲ್ಲ ಎಂದು ಹಲವರಿಗೆ ಸಮಾಧಾನವೂ ಆಯಿತು.

ಊಟದ ಹೊತ್ತಿಗೆ ಆಪಾ ನನ್ನನ್ನು ಸೈಕಲ್ ಸ್ಟ್ಯಾಂಡಿನ ಹಿಂದೆ ಕರೆದರು. ಅಂಗೈಯಲ್ಲಿ ಒಂದು ರೆಸಿಸ್ಟರ್ ಇತ್ತು.

"ಇದರ ಬಳೆ ಓದು."

"ಹಳದಿ, ನೇರಳೆ, ಕಿತ್ತಳೆ."

ಅವರು ಅಂಗೈ ಮುಚ್ಚಿದರು. "ಇದನ್ನ ತೆಗೆದದ್ದು ದಾರದ ಗುಳಿಯಿಂದ. ಅಲ್ಲಿ ಇರಬೇಕಾದ್ದು ಕಂದು, ಕಪ್ಪು, ಕೆಂಪು" ಎಂದರು.

ಗುಳಿ ತಪ್ಪಿಸಿದವಳು ನಾನೇ ಎಂದು ಹೊಳೆಯಿತು. ಆದರೂ ಪೂರ್ತಿ ಅರ್ಥವಾಗಲಿಲ್ಲ. "ಆದ್ರೆ ಆಪಾ, ಬೆಸೆಯುವಾಗ ಬಣ್ಣ ಕಾಣಿಸ್ತಿತ್ತಲ್ಲ?"

"ಮೂರು ವರ್ಷ ಆಯ್ತು ಕಣೇ ನಂಗೆ ಬಣ್ಣ ಕಾಣ್ದೆ. ಕಂದು, ಕೆಂಪು, ಕಿತ್ತಳೆ, ಎಲ್ಲಾ ಚಾ ಬಣ್ಣ. ಎರಡೂ ಕಣ್ಣಿಗೂ ಪೊರೆ. ಪೂಜೆಗೆ ಮುಂಚಿನ ದಿನ ಕಣ್ಣಾಸ್ಪತ್ರೆಗೇ ಹೋಗಿದ್ದು. ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾದ್ಮೇಲೆ ಬಾ, ಆಪರೇಷನ್ ಮಾಡ್ತೀವಿ ಅಂದ್ರು. ಒಂದ್ ವರ್ಷನೋ, ಎರಡೋ. ಕನ್ನಡಕಕ್ಕೆ ಬಗ್ಗೋದಲ್ಲ ಅಂತೆ."

ಆಗ ಆ ಇಡ್ಲಿ ತಟ್ಟೆ ನನಗೆ ಅರ್ಥವಾಯಿತು. ಸ್ಟೋರಿನವನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ನಂಬರು ಬರೆದು ಕೊಡುತ್ತಿದ್ದ. ಆಪಾ ಆ ನಂಬರು ನೋಡಿ ಗುಳಿಗೆ ಸುರಿದುಕೊಳ್ಳುತ್ತಿದ್ದರು. ದಾರದಿಂದ ಬಲಕ್ಕೆ ಒಂದು, ಎರಡು, ಮೂರು. ಅಷ್ಟೇ ಅವರ ಲೆಕ್ಕ. ಆ ಲೆಕ್ಕವನ್ನು ನಾನು ಹುಣಿಸೆಹಣ್ಣು ಹಾಕಿ ತೊಳೆದಿದ್ದೆ.

"ನಾನೇ ಹೋಗಿ ಸಾರ್‌ಗೆ ಹೇಳ್ತೀನಿ ಆಪಾ. ತಪ್ಪು ನಂದು."

"ಹೇಳು. ಅವರು ಏನ್ ಕೇಳ್ತಾರೆ? ಗುಳಿ ಬದಲಾದ್ರೆ ಏನಾಯ್ತು, ಬಣ್ಣ ನೋಡೋಕೆ ಆಪಾಗೆ ಏನಾಗಿತ್ತು ಅಂತಾರೆ. ಹೆಂಗೂ ನಾನೇ ಉತ್ತರ ಕೊಡ್ಬೇಕು. ಮತ್ತೆ ಮಧ್ಯದಲ್ಲಿ ನೀನ್ಯಾಕೆ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಬಾಗಲೂರಿನ ಮಗು ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ನಡಿ."

ಸೂಪರ್‌ವೈಸರ ಮೇಜಿನ ಮುಂದೆ ಆಪಾ ನಿಂತು ಎಲ್ಲವನ್ನೂ ಹೇಳಿದರು. ಕಣ್ಣಿನ ವಿಷಯ, ತಟ್ಟೆಯ ವಿಷಯ, ಗುಳಿ ತಪ್ಪಿದ ವಿಷಯ. ತೊಳೆದವಳು ಯಾರು ಎಂದು ಮಾತ್ರ ಹೇಳಲಿಲ್ಲ. ನಾನು ಬಾಯಿ ತೆರೆಯಲು ಹೋದಾಗ ಚಪ್ಪಲಿ ಕಾಲಿನಿಂದ ನನ್ನ ಪಾದ ಒತ್ತಿದರು. ನಾನು ಸುಮ್ಮನಾದೆ. ಸುಮ್ಮನಾದದ್ದು ಅವರ ಕಾಲಿನ ಭಾರಕ್ಕಷ್ಟೇ ಅಲ್ಲ, ಪಟ್ಟಿಯ ಹೆದರಿಕೆಗೂ ಹೌದು.

ಸೂಪರ್‌ವೈಸರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನೀವಿದನ್ನ ಹೇಳ್ಬಾರ್ದಾಗಿತ್ತು ಆಪಾ. ಇನ್ನು ಮೂರು ವಾರದೊಳಗೆ ಪಟ್ಟಿ ಕಳಿಸ್ಬೇಕು ನಾನು. ಈಗ ಏನ್ ಬರೀಲಿ?"

"ಇದ್ದದ್ ಬರೀರಿ ಸಾರ್. ಆ ಹುಡುಗೀದು ತಪ್ಪಿಲ್ಲ ಅಂತ ಮೊದಲು ಅವಳಿಗೆ ಹೇಳಿ."

ಕೆಟ್ಟ ರೇಡಿಯೋಗಳನ್ನೆಲ್ಲ ನಾವಿಬ್ಬರೇ ಸರಿಮಾಡಿದೆವು, ಎರಡು ದಿನ. ನಾನು ಪಕ್ಕದಲ್ಲಿ ಕೂತು ಬಳೆ ಓದುವುದು, ಅವರು ಹಳೆಯದನ್ನು ಕಿತ್ತು ಹೊಸದನ್ನು ಬೆಸೆಯುವುದು. "ಕಂದು, ಕಪ್ಪು, ಕೆಂಪು." "ಹಾಕ್ದೆ." "ಹಳದಿ, ನೇರಳೆ, ಕಿತ್ತಳೆ." "ಹಾಕ್ದೆ." ಒಂದು ಬೆಸುಗೆಯೂ ಜಾರಲಿಲ್ಲ, ಒಂದು ಹನಿಯೂ ಹೆಚ್ಚಾಗಲಿಲ್ಲ. ನಾನು ಓದುತ್ತಾ ಓದುತ್ತಾ ಅತ್ತರೆ, "ಕಣ್ಣೊರೆಸ್ಕೊಳೇ, ಇಬ್ಬರಿಗೂ ಕಾಣ್ದೆ ಹೋದ್ರೆ ಕಂಪನಿ ಗತಿ ಏನು?" ಎಂದರು.

ಆ ಮೂರು ವಾರ ನನಗೆ ಅನ್ನ ಸೇರಲಿಲ್ಲ. ಅಮ್ಮ ತಟ್ಟೆ ಮುಂದಿಟ್ಟು ಕೇಳುತ್ತಿದ್ದಳು. "ಯಾರಾನಾ ನಿನ್ನ ಬೈದ್ರಾ?"

"ಇಲ್ಲ."

"ಮತ್ಯಾಕೆ ಇಂಗೆ ಕುಂತಿದ್ದೀಯ?"

ಯಾರೂ ಬೈಯದಿದ್ದದ್ದೇ ಕಷ್ಟ ಎಂದು ಅವಳಿಗೆ ಹೇಗೆ ಹೇಳುವುದು?

ಪಟ್ಟಿ ಅಂಟಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಗೇಟಿನ ಪಕ್ಕದ ಹಲಗೆಯ ಮೇಲೆ. ಟೀವಿ ಲೈನಿಗೆ ಹೋಗುವವರ ಹೆಸರು ಅದರಲ್ಲಿದ್ದವು. ಇಲ್ಲದವರು ಮನೆಗೆ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಆಪಾ ದೂರದಲ್ಲೇ ನಿಂತಿದ್ದರು. "ನೀನೇ ನೋಡ್ಕೊಂಡು ಬಾ. ಇಲ್ದಿದ್ರೆ ಬಾಯಿ ಬಿಟ್ಟು ಹೇಳ್ಬೇಡ, ಸುಮ್ನೆ ಬಂದು ಪಕ್ಕದಲ್ಲಿ ನಿಂತ್ಕೋ" ಎಂದರು.

ನುಗ್ಗಿದೆ. ಬಾಗಲೂರಿನವಳದ್ದಿತ್ತು. ನನ್ನದಿತ್ತು. ನಮ್ಮ ಬೆಂಚಿನ ಮೂವರದ್ದು ಇರಲಿಲ್ಲ. ಕೊನೆಯ ಸಾಲುಗಳಲ್ಲಿ, ನಾವು ಯಾರೂ ಕರೆಯದಿದ್ದ, ಆಪಾ ಅವರ ನಿಜವಾದ ಹೆಸರು ಇತ್ತು. ನಂಬಲಾಗದೆ ಅದರ ಮುಂದಿನ ಹಾಜರಿ ನಂಬರನ್ನು ಎರಡು ಸಲ ಓದಿದೆ.

ನಾನು ಓಡಿ ಬಂದು "ಇದೆ ಆಪಾ, ಇದೆ!" ಎಂದೆ. ಅವರು ನನ್ನ ಭುಜ ಹಿಡಿದುಕೊಂಡು ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತು ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ಬೆಳಿಗ್ಗೆ ಎಂಟು ಗಂಟೆಗೇ ಊಟದ ಡಬ್ಬಿ ಬಿಚ್ಚಿ, ಗಂಡ ಮಾಡಿಕೊಟ್ಟಿದ್ದ ಚಪಾತಿ, ಪಲ್ಯವನ್ನು ತಿನ್ನತೊಡಗಿದರು. ಒಂದು ಚೂರೂ ಬಿಡದೆ ತಿಂದರು. "ಎಷ್ಟೋ ದಿನ ಆಗಿತ್ತು ಹಸಿವಾಗಿ. ಅಯ್ಯೋ, ಈ ಮನುಷ್ಯ ಉಪ್ಪು ಎಷ್ಟು ಹಾಕ್ತಾನೆ!" ಎಂದರು.

ಹೇಗಾಯಿತು ಎಂದು ಆಪಾ ಸೂಪರ್‌ವೈಸರನ್ನೇ ಕೇಳಿದರು. ನಾನು ಜೊತೆಯಲ್ಲಿದ್ದೆ.

"ನಾನು ಹೊಸ ಲೈನು ನೋಡ್ಕೊಂಡ್ ಬಂದೆ ಆಪಾ. ಅಲ್ಲಿ ರೆಸಿಸ್ಟರುಗಳನ್ನ ಮಿಷಿನ್ನೇ ಬಣ್ಣ, ನಂಬರು ನೋಡಿ ಕಾಗದದ ಟೇಪಿಗೆ ಅಂಟಿಸಿ ಕೊಡುತ್ತೆ, ಮಾಲೆ ಥರ. ಮೊದಲನೇದು ಮೊದಲನೇ ತೂತಿಗೆ, ಎರಡನೇದು ಎರಡನೇದಕ್ಕೆ. ಬಣ್ಣ ಓದೋರು ಅಲ್ಲಿ ಬೇಡ. ಕೈ ನೆಟ್ಟಗಿರೋರು ಬೇಕು. ಪಟ್ಟೀಲಿ ನಾನು ಬರೆದದ್ದು ಅಷ್ಟೇ, ಕೈ ನೆಟ್ಟಗಿದೆ ಅಂತ. ಸುಳ್ಳಾ?"

ಆಪಾ ಕೈ ಮುಗಿದರು. ಸೂಪರ್‌ವೈಸರು ಮುಜುಗರಪಟ್ಟು ಪಕ್ಕದ ಗೋಡೆ ನೋಡಿದರು.

ಹತ್ತು ಜನರ ಕೆಲಸ ತಿನ್ನುತ್ತದೆ ಎಂದು ನಾವೆಲ್ಲ ಶಪಿಸಿದ್ದ ಮಿಷಿನ್ನು ಬಂದೇ ಬಂತು. ಮೂವರದ್ದನ್ನು ತಿಂದದ್ದೂ ಹೌದು. ಅವರ ಮುಖ ನನಗೆ ಇಂದಿಗೂ ನೆನಪಿದೆ, ಒಬ್ಬರು ಆಮೇಲೆ ಮತ್ತಿಕೆರೆಯಲ್ಲಿ ಹೂ ಮಾರುತ್ತಿದ್ದರು. ಅದೇ ಮಿಷಿನ್ನು ಆಪಾ ಮನೆಯ ಒಲೆ ಆರದ ಹಾಗೆ ನೋಡಿಕೊಂಡದ್ದೂ ಹೌದು. ದೊಡ್ಡವರು ಎಲ್ಲೋ ಕೂತು ಮಾಡಿದ ತೀರ್ಮಾನ ನಮ್ಮ ಬೆಂಚಿಗೆ ಬರುವ ಹೊತ್ತಿಗೆ ಯಾರ ಪಾಲಿಗೆ ಏನಾಗುತ್ತದೆ ಎಂದು ಆ ದೊಡ್ಡವರಿಗೂ ತಿಳಿದಿರಲಾರದು. ನಾವು ಬಾಯಿಪಾಠ ಮಾಡಿದ ಬಣ್ಣದ ಮಗ್ಗಿ ಯಾರಿಗೂ ಬೇಡವಾಯಿತು.

ಹೊಸ ಲೈನಿನಲ್ಲಿ ದಿನವಿಡೀ ಅದೇ ಆರು ತೂತು, ಅದೇ ಆರು ತಂತಿ. ನಾವು ಹುಡುಗಿಯರು ಬೇಜಾರು ಬೇಜಾರು ಎಂದು ಗೊಣಗುತ್ತಿದ್ದೆವು. ಆಪಾ ಬೈದರು.

"ಬೇಜಾರು ಅಂದ್ರೆ ಹಬ್ಬ ಕಣ್ರೇ. ನಂಗೆ ಕೆಲಸದಲ್ಲಿ ಬೇಜಾರಾಗಿ ಮೂರು ವರ್ಷ ಆಗಿತ್ತು. ಬರೀ ಭಯ. ಈಗ ನೋಡಿ, ಆಕಳಿಕೆ ಬರುತ್ತೆ! ಎಂಥಾ ಚಂದ!"

ಎರಡು ವರ್ಷದ ಮೇಲೆ ಪೊರೆ ಹಣ್ಣಾಯಿತು. ಒಂದಾದ ಮೇಲೊಂದು ಎರಡೂ ಕಣ್ಣಿಗೆ ಆಪರೇಷನ್ ಆಗಿ, ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದರು. ಬಾಗಿಲಲ್ಲೇ ನಿಂತು ಸುತ್ತ ನೋಡಿದರು. "ಈ ಗೋಡೆಗೆ ಯಾವಾಗ್ಲೂ ಇದೇ ಹಸಿರಾ? ಯಾ ಅಲ್ಲಾ, ಎಷ್ಟು ಕೆಟ್ಟದಾಗಿದೆ! ಯಾರೂ ಹೇಳ್ಲಿಲ್ವಲ್ರೇ!" ಇಡೀ ಲೈನು ಕೆಲಸ ಬಿಟ್ಟು ನಕ್ಕಿತು. ಬಾಗಲೂರಿನವಳು ನಗುತ್ತಾ ನಗುತ್ತಾ ಅತ್ತೇಬಿಟ್ಟಳು.

ನಿವೃತ್ತಿಯಾಗುವವರೆಗೆ ಅವರು ಅಲ್ಲೇ ಇದ್ದರು. ಅವರ ಹೆಣ್ಣುಮಕ್ಕಳಲ್ಲಿ ದೊಡ್ಡವಳು ಟೀಚರಾದಳು. ನನ್ನ ಮದುವೆಗೆ ಬಂದು ಅಬ್ಬಿಗೆರೆಯ ನಮ್ಮ ಮನೆಯಂಗಳದಲ್ಲಿ ಕೂತು ಅಮ್ಮನ ಜೊತೆ ಮುದ್ದೆ ನುಂಗುವುದನ್ನು ಕಲಿತರು, ಅಗಿದು ಬೈಸಿಕೊಂಡರು. ಆ ತಟ್ಟೆಯ ಮಾತನ್ನು ನಾನು ಒಂದೆರಡು ಸಲ ಎತ್ತಲು ನೋಡಿದೆ. "ಹೋಗೇ, ಅದೆಲ್ಲ ಯಾವ ಕಾಲದ್ದು" ಎಂದು ಬೇರೆ ಮಾತಿಗೆ ಹೋಗಿಬಿಡುತ್ತಿದ್ದರು. ಹಾಗಾಗಿ ಅದು ನನ್ನೊಳಗೇ ಉಳಿಯಿತು. ನನ್ನ ಕೈಯಿಂದ ಅವರ ಕೆಲಸ ಹೋಗಿಬಿಡುತ್ತಿತ್ತು, ಬಾಯಿ ತೆರೆಯುವ ಧೈರ್ಯವೂ ನನಗಿರಲಿಲ್ಲ ಎಂಬುದು.

ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ನಾನು ಆರ್.ಟಿ. ನಗರದ ಅವರ ಮನೆಗೆ ಹೋದಾಗ ನಾಲ್ಕು ದಿನವಾಗಿತ್ತು. ನಿದ್ದೆಯಲ್ಲೇ ಹೋದರಂತೆ. ದೊಡ್ಡ ಮಗಳು ಚಹಾ ತಂದು ಕೂತಳು. ಇಷ್ಟು ವರ್ಷ ಹೇಳದ್ದನ್ನು ಅವಳಿಗಾದರೂ ಹೇಳಬೇಕು ಎಂದುಕೊಂಡು ಹೇಳಿದೆ. "ಆ ತಟ್ಟೆ ತೊಳೆದವಳು ನಾನಮ್ಮ. ನಿಮ್ಮಮ್ಮ ನನ್ನ ಹೆಸರು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತು ಆಂಟಿ. ಅಮ್ಮಿ ಎಷ್ಟು ಸಲ ಹೇಳಿದಾರೆ. ಮೂರು ವರ್ಷ ದಿನಾ ಬೆಳಿಗ್ಗೆ ವಾಂತಿ ಬರೋ ಹಂಗೆ ಆಗ್ತಿತ್ತಂತೆ ಗೇಟ್ ನೋಡಿದ್ರೆ. ಇವತ್ ಸಿಕ್ಕಿಬೀಳ್ತೀನಿ, ಇವತ್ ಸಿಕ್ಕಿಬೀಳ್ತೀನಿ ಅಂತ. ನಮಗೂ ಹೇಳಿರ್ಲಿಲ್ಲ. ಆ ಅಬ್ಬಿಗೆರೆ ಹುಡುಗಿ ತಟ್ಟೆ ತೊಳೆದಳು ನೋಡು, ಅವತ್ತು ರಾತ್ರಿ ಮೂರು ವರ್ಷದ ನಿದ್ದೆ ಒಟ್ಟಿಗೆ ಮಾಡ್ದೆ ಅಂತಿದ್ರು."

"ಅವತ್ತು ರಾತ್ರಿನಾ? ಅವತ್ತಿನ್ನೂ ಪಟ್ಟಿ ಬಂದಿರ್ಲಿಲ್ವಲ್ಲ. ಕೆಲಸ ಉಳಿಯುತ್ತೋ ಇಲ್ವೋ ಗೊತ್ತೇ ಇರ್ಲಿಲ್ಲ."

"ಹೌದು. ಸಾರ್ ಹತ್ರ ಹೇಳಿ ಬಂದ ರಾತ್ರಿ. ನಮ್ಮಬ್ಬಾ ಎಬ್ಬಿಸಿದ್ರೂ ಏಳಲಿಲ್ಲವಂತೆ."

ಆ ಮೂರು ವಾರ ನಾನು ಅನ್ನ ಬಿಟ್ಟು ಕೂತಿದ್ದೆ. ಅವರು ನಿದ್ದೆ ಮಾಡಿದ್ದರು. ಚಹಾದ ಲೋಟ ಕೆಳಗಿಟ್ಟು ನಾನು ನಕ್ಕುಬಿಟ್ಟೆ. ಸಾವಿನ ಮನೆ ಎಂದು ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಮಗಳೂ ನಕ್ಕಳು. ಒಳಗಿನ ಕೋಣೆಯಿಂದ ಅವರ ಮುದುಕ ಗಂಡ, "ಯಾರಮ್ಮಾ ಅದು ನಗ್ತಿರೋದು?" ಎಂದು ಕೇಳಿದರು. ಮಗಳು ಕೂಗಿ ಹೇಳಿದಳು, "ಅಮ್ಮಿಗೆ ನಿದ್ದೆ ಕೊಟ್ಟೋರು ಬಂದಿದಾರೆ ಅಬ್ಬಾ."